ನಡವಳಿ ನಮ್ಮದು, ಪೇಜ್ ಅವರದು: ಚಿಕ್ಕಬಳ್ಳಾಪುರ ಜಿಲ್ಲೆಯ ಸ್ಥಳೀಯ ಸಂಸ್ಥೆಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಆಡಳಿತಾಧಿಕಾರಿಗಳು, ಪೌರಾಯುಕ್ತರು ಮತ್ತು ಮುಖ್ಯಾಧಿಕಾರಿಗಳು,
ಚಿಕ್ಕಬಳ್ಳಾಪುರ ಜಿಲ್ಲೆಯ ಎಲ್ಲಾ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು

ವಿಷಯ: ಊರಿನ ದಾಖಲೆ ಮತ್ತು ಪ್ರಕಟಣೆಗಳನ್ನು ಫೇಸ್‌ಬುಕ್, ವಾಟ್ಸ್‌ಆಪ್‌ನಲ್ಲಿ ಮಾತ್ರ ಇಡುವುದನ್ನು ನಿಲ್ಲಿಸುವ ಬಗ್ಗೆ

ಮಾನ್ಯರೇ,

ಈ ಜಿಲ್ಲೆಯ ಒಂದು ಪಟ್ಟಣದಲ್ಲಿ ನಾನು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುತ್ತೇನೆ. ಪಹಣಿ, ಇ-ಖಾತೆ, ಜಾತಿ-ಆದಾಯ ಪತ್ರ, ಕಂದಾಯದ ಚಲನ್, ಮಕ್ಕಳ ಸ್ಕಾಲರ್‌ಶಿಪ್ ಎಲ್ಲವೂ ನನ್ನ ಕೌಂಟರ್ ದಾಟಿಯೇ ಹೋಗುತ್ತವೆ. ನಿಮ್ಮ ಕಚೇರಿಯ ಸುದ್ದಿ ಜನರಿಗೆ ಮುಟ್ಟಿತಾ ಇಲ್ಲವಾ ಅನ್ನುವುದು ಎಷ್ಟೋ ಸಲ ನಿಮಗಿಂತ ಮೊದಲು ನನ್ನಂಥವರಿಗೆ ಗೊತ್ತಾಗುತ್ತದೆ. ಮೊದಲೆಲ್ಲ ಜನ ನೋಟಿಸಿನ ಜೆರಾಕ್ಸ್ ಹಿಡಿದುಕೊಂಡು ಬರುತ್ತಿದ್ದರು. ಈಗ ಬರಿಗೈಲಿ ಬಂದು, "ಪೇಜ್‌ನಲ್ಲಿ ಹಾಕಿದ್ದೀವಿ ನೋಡ್ಕೊಳ್ಳಿ ಅಂದ್ರು, ಒಸಿ ನೋಡಿ ಹೇಳಿ" ಅನ್ನುತ್ತಾರೆ.

ನೀರು ಬಿಡುವ ದಿನ, ಮಳಿಗೆ ಹರಾಜು, ಆಕ್ಷೇಪಣೆ ಸಲ್ಲಿಸುವ ಕೊನೆ ದಿನ, ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದರೆ ಸಿಗುವ 5% ರಿಯಾಯಿತಿ. ಇವೆಲ್ಲ ಈಗ ಫೇಸ್‌ಬುಕ್ ಪೇಜ್‌ನಲ್ಲಿ, ಇಲ್ಲದಿದ್ದರೆ ವಾರ್ಡಿನ ವಾಟ್ಸ್‌ಆಪ್ ಗ್ರೂಪ್‌ನಲ್ಲಿ. ಕಚೇರಿ ಬಾಗಿಲ ಪಕ್ಕದ ನೋಟಿಸ್ ಬೋರ್ಡ್‌ಗೆ ಗಾಜಿದೆ, ಬೀಗವಿದೆ, ಒಳಗೆ ಬಣ್ಣ ಹೋದ ಒಂದು ಪಲ್ಸ್ ಪೋಲಿಯೊ ಪೋಸ್ಟರ್ ಇದೆ.

ಇದನ್ನು ಒಬ್ಬ ಅಧಿಕಾರಿಯ ಹತ್ತಿರ ಹೇಳಿದೆ. ಒಳ್ಳೆಯ ಮನುಷ್ಯ, ಕೆಲಸ ತಿಳಿದವರು. ನಕ್ಕರು. "ಅಲ್ಲಾ ರೀ, ಜಗತ್ತೇ ಅದರಲ್ಲಿದೆ. ಅಷ್ಟು ದೊಡ್ಡ ಕಂಪನಿ ನಾಳೆ ಬಾಗಿಲು ಹಾಕುತ್ತಾ?" ಅಂದರು. ಇಲ್ಲ, ಹಾಕಲ್ಲ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕಂಪನಿ ಉಳಿಯುವುದು ಬೇರೆ, ಅದರೊಳಗೆ ನಾವು ಇಟ್ಟದ್ದು ಉಳಿಯುವುದು ಬೇರೆ. ಎರಡೂ ಒಂದೇ ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇವತ್ತು ಅಲ್ಲಿ ಆಗಿದ್ದು ನಾಳೆ ನಿಮ್ಮಲ್ಲಿ ಯಾರ ಕಚೇರಿಯಲ್ಲಾದರೂ ಆಗಬಹುದು.

ನಮ್ಮ ಕಡೆ ಹೂವು ಜಾಸ್ತಿ. ಸೇವಂತಿಗೆ, ಗುಲಾಬಿ, ಚೆಂಡುಹೂವು ಬೆಳಗಿನ ಜಾವಕ್ಕೇ ಮಾರುಕಟ್ಟೆಗೆ ಬರುತ್ತವೆ. ಅಲ್ಲಿಂದ ಒಂದಿಷ್ಟು ಬಸ್ ಸ್ಟ್ಯಾಂಡ್ ಪಕ್ಕ ಫುಟ್‌ಪಾತ್ ಮೇಲೆ ಕೂತು ಮೊಳದ ಲೆಕ್ಕದಲ್ಲಿ ಮಾರುವ ಹೆಂಗಸರ ಬುಟ್ಟಿ ಸೇರುತ್ತವೆ. 2022ರಲ್ಲಿ ಒಂದು ಸಾಮಾನ್ಯ ಸಭೆ ನಡೆಯಿತು. ಹೊಸ ಮಳಿಗೆ ಕಟ್ಟಿದಾಗ ಫುಟ್‌ಪಾತ್ ಹೂವಿನವರಿಗೆ ಮೊದಲ ಆದ್ಯತೆ ಅಂತ ಅಧ್ಯಕ್ಷರ ಕುರ್ಚಿಯಿಂದಲೇ ಮಾತು ಬಂತು. ಸಭೆ ಫೇಸ್‌ಬುಕ್ ಲೈವ್‌ನಲ್ಲಿ ಹೋಗಿತ್ತು. ಕೊರೊನಾ ಕಾಲದಲ್ಲಿ ಶುರುವಾದ ಒಳ್ಳೆಯ ಅಭ್ಯಾಸ ಅದು. ಮನೆಯಲ್ಲಿ ಕೂತೇ ಜನ ಸಭೆ ನೋಡಬಹುದಿತ್ತು.

ಮುಂದೆ ಮಳಿಗೆ ಎದ್ದವು. ಹರಾಜಿನ ಪ್ರಕಟಣೆ ಬಂತು. ಅದರಲ್ಲಿ ಆದ್ಯತೆಯ ಸುದ್ದಿಯೇ ಇರಲಿಲ್ಲ. ಹೂವಿನ ಅಕ್ಕ ಒಬ್ಬರು ಮಗನ ಫೋನ್ ತಗೊಂಡು ಅಂಗಡಿಗೆ ಬಂದರು. "ಅಣ್ಣಾ, ಅಧ್ಯಕ್ಷರು ಯೋಳಿದ್ದು ಇದ್ರಾಗೈತೆ. ಸೀಡಿ ಮಾಡ್ಕೊಡು, ಅರ್ಜಿ ಜತೆ ಇಡ್ತೀನಿ" ಅಂದರು. ಮಗ ಆ ಲಿಂಕನ್ನು ತನಗೆ ತಾನೇ ವಾಟ್ಸ್‌ಆಪ್ ಮಾಡಿಕೊಂಡು ಜೋಪಾನ ಮಾಡಿದ್ದ. ಒತ್ತಿದೆ. ಈ ವಿಷಯ ಈಗ ಲಭ್ಯವಿಲ್ಲ ಅಂತ ಬಂತು. ಅಕ್ಕನಿಗೆ ನಂಬಿಕೆ ಬರಲಿಲ್ಲ. ಫೋನ್ ಹಳೇದು, ನಿನ್ನ ಕಂಪ್ಯೂಟರ್‌ನಾಗೆ ಹಾಕು ಅಂದರು. ಹಾಕಿದೆ. ಅಲ್ಲೂ ಅದೇ. ಪೇಜ್‌ಗೇ ಹೋಗಿ ಆ ವರ್ಷದವರೆಗೂ ಎಳೆದುಕೊಂಡು ಹೋದೆ. ಸನ್ಮಾನದ ಫೋಟೊಗಳಿವೆ. ಹುಟ್ಟುಹಬ್ಬದ ಶುಭಾಶಯಗಳಿವೆ. ಗುದ್ದಲಿ ಪೂಜೆಗಳಂತೂ ಸಾಲುಸಾಲು. ಸಭೆಯ ಲೈವ್ ಮಾತ್ರ ಒಂದೂ ಇಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಸಿದೆ. ವಿಡಿಯೊ ಕಚೇರಿಯಲ್ಲಿ ಲಭ್ಯವಿರುವುದಿಲ್ಲ ಅಂತ ಹಿಂಬರಹ ಬಂತು. ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡವಳಿಯ ನಕಲು ಕೊಟ್ಟರು. ಅಷ್ಟು ಹೊತ್ತು ನಡೆದ ಮಾತಿಗೆ ಅದರಲ್ಲಿದ್ದದ್ದು ಇಷ್ಟೇ: "ವಿಷಯ ಚರ್ಚಿಸಲಾಯಿತು. ಸೂಕ್ತ ಕ್ರಮ ವಹಿಸುವುದು."

ವಿಡಿಯೊ ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ, ಯಾರೂ ಬೇಕಂತ ಅಳಿಸಿಲ್ಲ. 2025ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ತನ್ನ ನಿಯಮ ಬದಲಾಯಿಸಿತು. ಇನ್ನು ಮುಂದೆ ಲೈವ್ ವಿಡಿಯೊಗಳನ್ನು 30 ದಿನ ಮಾತ್ರ ಇಟ್ಟುಕೊಳ್ಳುತ್ತೇವೆ, ಹಳೆಯವನ್ನು ಹಂತ ಹಂತವಾಗಿ ಅಳಿಸುತ್ತೇವೆ ಅಂತ ಬಹಿರಂಗವಾಗಿಯೇ ಹೇಳಿತು. ಅಳಿಸುವ ಮೊದಲು ಪೇಜ್ ನಡೆಸುವವರಿಗೆ ಸೂಚನೆ ಕೊಡುತ್ತೇವೆ, ಇಳಿಸಿಕೊಳ್ಳಲು 90 ದಿನ ಇರುತ್ತದೆ ಅಂತಲೂ ಹೇಳಿತು. ಲೈವ್ ವಿಡಿಯೊ ನೋಡುವವರಲ್ಲಿ ಹೆಚ್ಚಿನವರು ಮೊದಲ ಕೆಲವು ವಾರಗಳಲ್ಲೇ ನೋಡಿ ಮುಗಿಸುತ್ತಾರೆ ಅನ್ನುವುದು ಅದು ಕೊಟ್ಟ ಕಾರಣ. ಕಂಪನಿಯ ಲೆಕ್ಕದಲ್ಲಿ ಇದು ನ್ಯಾಯವೇ. ಹಾಡು, ಹರಟೆ, ಮದುವೆ ಮೆರವಣಿಗೆಯ ಲೈವ್ ಅನ್ನು ಮೂರು ವರ್ಷ ಬಿಟ್ಟು ಯಾರು ನೋಡುತ್ತಾರೆ? ಆದರೆ ಪುರಸಭೆ, ನಗರಸಭೆಯ ಸಭೆ ಬೇಕಾಗುವುದೇ ಮೂರು ವರ್ಷ ಬಿಟ್ಟು.

ಸರಿ, ಆ ಸೂಚನೆ ಯಾರಿಗೆ ಹೋಯಿತು? ನಾನು ವಿಚಾರಿಸಿದೆ. ಪೇಜ್ ಮಾಡಿದ್ದು ಹೊರಗುತ್ತಿಗೆ ಮೇಲೆ ಬಂದಿದ್ದ ಡಾಟಾ ಎಂಟ್ರಿ ಹುಡುಗ. ಕಚೇರಿಗೆ ಅಂತ ಬೇರೆ ಖಾತೆ ಇರಲಿಲ್ಲ. ತನ್ನ ಸ್ವಂತ ಖಾತೆಯಿಂದ, ತನ್ನ ಫೋನ್ ನಂಬರ್ ಕೊಟ್ಟು ಮಾಡಿದ್ದ. ಗುತ್ತಿಗೆ ಮುಗಿಯಿತು. ದೊಡ್ಡಬಳ್ಳಾಪುರದ ಕಡೆ ಯಾವುದೋ ಫ್ಯಾಕ್ಟರಿ ಸೇರಿಕೊಂಡ. ಅವನಿಗೆ ದಿನಾ ಬರುವ ನೂರಾರು ನೋಟಿಫಿಕೇಶನ್‌ಗಳ ನಡುವೆ ಇದೂ ಒಂದು ಬಂದಿರಬೇಕು. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಕೆಲಸ ಬಿಟ್ಟು ಹೋದವನಿಗೆ ಊರಿನ ದಾಖಲೆ ಕಾಯುವ ಹೊಣೆ ಯಾಕಿರಬೇಕು?

ಮಾನ್ಯರೇ, ಇದೆಲ್ಲ ಆಗಿದ್ದು ಆ ಕಂಪನಿಯ ಕಷ್ಟದ ದಿನಗಳಲ್ಲಿ ಅಲ್ಲ, ಅದು ಚೆನ್ನಾಗಿ ದುಡಿಯುತ್ತಿರುವಾಗ. ಅದರ ಮುಂದಿನ ದಿನಗಳು ಹೇಗಿರಬಹುದು ಅಂತ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಧೈರ್ಯ ನಿಂತಿರುವುದು ಅದರ ಮೇಲೆಯೇ ಅಲ್ವಾ?

ಕಂಪನಿಯ ಈಗಿನ ಹೆಸರು ಮೆಟಾ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆಪ್ ಮೂರೂ ಅದರವೇ. ಇನ್‌ಸ್ಟಾಗ್ರಾಂ ಕೊಳ್ಳಲು 2012ರಲ್ಲಿ 100 ಕೋಟಿ ಡಾಲರ್‌ಗೆ ಮಾತಾಯಿತು. ವಾಟ್ಸ್‌ಆಪ್‌ಗೆ 2014ರಲ್ಲಿ 1,900 ಕೋಟಿ ಡಾಲರ್‌ಗೆ. ಹಾಗಾಗಿ "ಫೇಸ್‌ಬುಕ್ ಬೇಡ ಅಂದ್ರೆ ವಾಟ್ಸ್‌ಆಪ್‌ಗೆ ಹಾಕ್ತೀವಿ ಬಿಡಿ" ಅಂದರೆ ಯಜಮಾನರು ಬದಲಾಗುವುದಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ನಿಮಗೂ ನೆನಪಿರಬಹುದು. ಮೂರೂ ಒಟ್ಟಿಗೇ ನಿಂತವು, ಸುಮಾರು ಆರು ಗಂಟೆ. ಎಷ್ಟೋ ಜನ ನೆಟ್ ಹೋಗಿದೆ ಅಂದುಕೊಂಡು ರೀಚಾರ್ಜ್ ಮಾಡಿಸಿದರು.

2022ರಲ್ಲಿ ಈ ಕಂಪನಿಯ ಕಥೆ ಮುಗಿಯಿತು ಅಂದವರು ಬಹಳ. ಫೆಬ್ರುವರಿ 3ರಂದು ಒಂದೇ ದಿನದಲ್ಲಿ ಷೇರಿನ ಬೆಲೆ 26% ಬಿತ್ತು. 23,000 ಕೋಟಿ ಡಾಲರ್ ಆಸುಪಾಸಿನ ಮೌಲ್ಯ ಹೋಯಿತು. ಫೇಸ್‌ಬುಕ್‌ಗೆ ದಿನಾ ಬರುವವರ ಸಂಖ್ಯೆ ಮೊದಲ ಸಲ ಇಳಿದಿತ್ತು. ಟಿಕ್‌ಟಾಕ್ ಕಡೆ ಹುಡುಗರು ಹೋಗುತ್ತಿದ್ದರು. ಜನ ಯಾವ ಆಪ್‌ನಲ್ಲಿ ಏನು ಮಾಡುತ್ತಾರೆ ಅಂತ ಹಿಂಬಾಲಿಸುವ ಮೊದಲು ಅವರ ಒಪ್ಪಿಗೆ ಕೇಳಬೇಕು ಅಂತ ಆಪಲ್ ಕಂಪನಿ 2021ರಲ್ಲಿ ತನ್ನ ಫೋನ್‌ಗಳಿಗೆ ನಿಯಮ ತಂದಿತ್ತು. ಇದರಿಂದ 2022ರಲ್ಲಿ 1,000 ಕೋಟಿ ಡಾಲರ್‌ನಷ್ಟು ಹೊಡೆತ ಬೀಳಬಹುದು ಅಂತ ಮೆಟಾದವರೇ ಹೇಳಿದರು. ನವೆಂಬರ್‌ನಲ್ಲಿ 11,000 ಜನರನ್ನು ಮನೆಗೆ ಕಳಿಸಿದರು. ಮರುವರ್ಷ ಇನ್ನೂ 10,000 ಕೆಲಸ ತೆಗೆಯುವುದಾಗಿ ಹೇಳಿದರು. ಆಮೇಲೆ ಏನಾಯಿತು? 2023 ಮುಗಿಯುವ ಹೊತ್ತಿಗೆ ಷೇರು ಬೆಲೆ ಹೆಚ್ಚುಕಡಿಮೆ ಮೂರು ಪಟ್ಟು.

2024ರಲ್ಲಿ ಕಂಪನಿಯ ವರಮಾನ 16,450 ಕೋಟಿ ಡಾಲರ್. ಲಾಭ 6,200 ಕೋಟಿ ಡಾಲರ್ ದಾಟಿತು. ಆ ವರ್ಷದ ಕೊನೆಗೆ ಅದರ ಯಾವುದಾದರೂ ಒಂದು ಆಪ್ ಅನ್ನು ದಿನಾ ಬಳಸುವವರು ಜಗತ್ತಿನಲ್ಲಿ 335 ಕೋಟಿ. ನಮ್ಮ ದೇಶದಲ್ಲೂ ಬೇರು ಬಿಟ್ಟಿದೆ. 2020ರಲ್ಲಿ ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ 43,574 ಕೋಟಿ ರೂಪಾಯಿ ಹಾಕಿ 9.99% ಪಾಲು ತಗೊಂಡಿತು. ಹೀಗಿರುವಾಗ ಹತ್ತು ವರ್ಷದಲ್ಲಿ ಇದು ಮುಳುಗುತ್ತದೆ ಅಂತ ಪಂದ್ಯ ಕಟ್ಟಲು ನಾನು ಸಿದ್ಧನಿಲ್ಲ. ನನ್ನನ್ನು ಕೇಳಿದರೆ ಕಂಪನಿ ಗಟ್ಟಿಯಾಗಿದೆ. ನನಗೆ ಭಯ ಇರುವುದು ಅದು ಗಟ್ಟಿಯಾಗಿ ಉಳಿಯುವ ದಾರಿಯ ಬಗ್ಗೆ.

ಆ ವರಮಾನದಲ್ಲಿ 100ಕ್ಕೆ 97ಕ್ಕಿಂತ ಜಾಸ್ತಿ ಜಾಹೀರಾತಿನಿಂದ ಬಂದದ್ದು. ಜಾಹೀರಾತಿನ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಿ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ ಬಳಸುವ ಒಬ್ಬೊಬ್ಬರ ಲೆಕ್ಕದಲ್ಲಿ ಅಮೆರಿಕ-ಕೆನಡಾದಿಂದ ಕಂಪನಿಗೆ 68 ಡಾಲರ್ ಬಂತು. ನಾವೂ ಸೇರಿದ ಏಷ್ಯಾ-ಪೆಸಿಫಿಕ್‌ನಿಂದ ಐದೂವರೆ ಡಾಲರ್. ತಲೆ ಎಣಿಸುವಾಗ ನಾವು ಮುಂದೆ, ದುಡ್ಡು ಎಣಿಸುವಾಗ ಹಿಂದೆ. ಅದರಲ್ಲೂ ಗುಡಿಬಂಡೆಯಲ್ಲೋ ಬಾಗೇಪಲ್ಲಿಯಲ್ಲೋ ನೀರು ಬಿಡುವ ಪ್ರಕಟಣೆಯಿಂದ ಅವರಿಗೆ ಏನು ಹುಟ್ಟುತ್ತದೆ? ಏನೂ ಇಲ್ಲ. ಅದರ ಪಕ್ಕ ಜಾಹೀರಾತು ಹಾಕಲು ಯಾರೂ ಸಾಲು ನಿಂತಿಲ್ಲ.

ಪೋಸ್ಟ್ ಯಾರಿಗೆ ಕಾಣಬೇಕು, ಯಾವಾಗ ಕಾಣಬೇಕು ಅನ್ನುವುದೂ ಇದೇ ಲೆಕ್ಕ. ಜನ ಜಾಸ್ತಿ ಹೊತ್ತು ನಿಂತು ನೋಡುವುದು, ಕಾಮೆಂಟ್ ಮಾಡುವುದು ಮೇಲೆ ಬರುತ್ತದೆ. 2018ರ ಜನವರಿಯಲ್ಲಿ ಫೇಸ್‌ಬುಕ್ ಬಹಿರಂಗವಾಗಿ ಹೇಳಿತು, ಇನ್ನು ಮುಂದೆ ಸ್ನೇಹಿತರು, ಮನೆಯವರ ಪೋಸ್ಟ್‌ಗೆ ಮೊದಲ ಸ್ಥಾನ, ಪೇಜ್‌ಗಳದ್ದು ಕಡಿಮೆ ಕಾಣುತ್ತದೆ ಅಂತ. ನಿಮ್ಮದು ಪೇಜ್. ಶನಿವಾರ ನೀರು ಬರಲ್ಲ ಅನ್ನುವ ನಿಮ್ಮ ಪೋಸ್ಟ್ ನಮ್ಮ ಬೀದಿಯ ಎಷ್ಟೋ ಜನಕ್ಕೆ ಸೋಮವಾರ ಕಂಡಿದೆ. ಸಂಪಿನಲ್ಲಿ ನೀರಿಲ್ಲದೆ ಟ್ಯಾಂಕರ್‌ಗೆ ದುಡ್ಡು ಕೊಟ್ಟ ಮೇಲೆ ಅದಕ್ಕೆ ಲೈಕ್ ಒತ್ತಿದವರೂ ಇದ್ದಾರೆ, ಅದು ಬೇರೆ ಮಾತು. ಜಾಸ್ತಿ ಜನಕ್ಕೆ ಕಾಣಬೇಕಾದರೆ ದುಡ್ಡು ಕಟ್ಟಿ ಬೂಸ್ಟ್ ಮಾಡಬೇಕು. ನಮ್ಮ ಕಂದಾಯದ ದುಡ್ಡಲ್ಲಿ, ನಮ್ಮ ಊರಿನ ನೀರಿನ ಸುದ್ದಿಯನ್ನು ನಮಗೇ ಮುಟ್ಟಿಸಲು ಅಮೆರಿಕದ ಕಂಪನಿಗೆ ಕಟ್ಟುವುದು! ಯಾರಾದರೂ ಹಾಗೆ ಬೂಸ್ಟ್ ಮಾಡಿದ್ದರೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಖರ್ಚು ಹಾಕಿದ್ದೀರಿ ಅಂತ ದಯವಿಟ್ಟು ತಿಳಿಸಿ.

ವಾಟ್ಸ್‌ಆಪ್‌ಗೂ ಅದೇ ದಾರಿ. ಶುರು ಮಾಡಿದವರು ಜಾಹೀರಾತೇ ಬೇಡ ಅಂತಿದ್ದವರು. ಮಾರಿ ಹನ್ನೊಂದು ವರ್ಷಕ್ಕೆ, 2025ರ ಜೂನ್‌ನಲ್ಲಿ, ಅಪ್‌ಡೇಟ್ಸ್ ಅನ್ನುವ ಭಾಗದಲ್ಲಿ ಜಾಹೀರಾತು ಬರುತ್ತದೆ ಅಂತ ಕಂಪನಿ ಪ್ರಕಟಿಸಿತು. ಕಂಪನಿ ಬೆಳೆಯಬೇಕು ಅಂದರೆ ಇನ್ನೂ ಜಾಹೀರಾತು ತುಂಬದ ಜಾಗದಲ್ಲಿ ತುಂಬಬೇಕು. ಕೊಟ್ಟ 1,900 ಕೋಟಿ ಡಾಲರ್ ವಾಪಸ್ ಬರಬೇಕಲ್ಲ. ಇದರ ಮೇಲೆ, ಒಂದು ಗ್ರೂಪ್‌ಗೆ ಹಿಡಿಯುವುದು 1,024 ಜನ. ಗ್ರೂಪ್ ಅಡ್ಮಿನ್ ಯಾರು ಅಂದರೆ ಒಬ್ಬ ಬಿಲ್ ಕಲೆಕ್ಟರ್ ಇಲ್ಲಾ ಒಬ್ಬ ಸದಸ್ಯರ ಸಂಬಂಧಿಕ. ಬಿಲ್ ಕಲೆಕ್ಟರ್‌ಗೆ ವರ್ಗವಾದರೆ ಫೋನ್ ಸಮೇತ ಗ್ರೂಪೂ ವರ್ಗ. ಸದಸ್ಯರ ವಿರುದ್ಧ ಮಾತಾಡಿದವರನ್ನು ಗ್ರೂಪಿಂದ ತೆಗೆದ ಉದಾಹರಣೆ ನನ್ನ ಕಣ್ಣೆದುರೇ ಇದೆ. ಅವರಿಗೆ ಇನ್ನು ನೀರಿನ ಸುದ್ದಿ ಬೇಡವಾ?

ಇನ್ನೊಂದು ವಿಷಯ. ಈ ಕಂಪನಿಯ ಚುಕ್ಕಾಣಿ ಒಬ್ಬರ ಕೈಯಲ್ಲಿದೆ. ಮಾರ್ಕ್ ಜುಕರ್‌ಬರ್ಗ್ ಹತ್ತಿರ ಇರುವ ಷೇರು ಐದರಲ್ಲಿ ಒಂದು ಪಾಲೂ ಇಲ್ಲ. ಆದರೆ ಅವರ ವಿಶೇಷ ಷೇರು ಒಂದೊಂದಕ್ಕೂ 10 ಮತ. ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಮತ ಅವರದೇ. 2021ರಲ್ಲಿ ಅವರು ಇನ್ನು ಮೆಟಾವರ್ಸ್ ಕಾಲ, ಅಂದರೆ ಕನ್ನಡಕ ಹಾಕಿಕೊಂಡು ಒಳಹೊಕ್ಕುವ ಕಂಪ್ಯೂಟರ್ ಲೋಕದ ಕಾಲ ಅಂದರು, ಕಂಪನಿಯ ಹೆಸರೇ ಬದಲಾಯಿತು. ಆ ಲೋಕ ಕಟ್ಟುವ ವಿಭಾಗ 2020ರಿಂದ 2024ರವರೆಗೆ ಕಳೆದದ್ದು 6,000 ಕೋಟಿ ಡಾಲರ್‌ಗೂ ಜಾಸ್ತಿ. ದುಡ್ಡು ಹಾಕಿದ ದೊಡ್ಡ ದೊಡ್ಡವರು ಪತ್ರ ಬರೆದರು, ಗೊಣಗಿದರು, ತಡೆಯಲು ಆಗಲಿಲ್ಲ. ಈಗ ಎಐ ಕಾಲ. ಯಂತ್ರ ಮತ್ತು ಡಾಟಾ ಸೆಂಟರ್‌ಗಳಿಗೆ 2024ರಲ್ಲೇ ಸುಮಾರು 3,900 ಕೋಟಿ ಡಾಲರ್ ಸುರಿದಿದ್ದಾರೆ. ಈ ಜೂಜು ಗೆಲ್ಲಲೂಬಹುದು. ನಾನು ಹೇಳುವುದು ಇಷ್ಟೇ: ಅಷ್ಟು ಹಣ ಹಾಕಿದವರ ಮಾತೇ ನಡೆಯದ ಕಡೆ ನಮ್ಮ ತಾಲ್ಲೂಕಿನ ಒಂದು ಪುರಸಭೆಯ ಮಾತು ನಡೆಯುತ್ತಾ? ನಮ್ಮ ಹಳೇ ವಿಡಿಯೊ ಅಳಿಸಬೇಡಿ ಅಂತ ಕೇಳಲು ನಿಮ್ಮ ಹತ್ತಿರ ಒಂದು ವಿಳಾಸವಾದರೂ ಇದೆಯಾ?

ಇದಕ್ಕೂ ಹಿಂದಿನದನ್ನು ನೆನಪಿಸುತ್ತೇನೆ. ನನ್ನ ಅಂಗಡಿ ಸೈಬರ್ ಸೆಂಟರ್ ಆಗಿದ್ದ ಕಾಲದಲ್ಲಿ ಹುಡುಗರೆಲ್ಲ ಫೇಸ್‌ಬುಕ್‌ನಂಥದ್ದೇ ತಾಣವಾದ ಆರ್ಕುಟ್‌ಗೆ ಬರುತ್ತಿದ್ದರು. ಬ್ರೆಜಿಲ್ ಬಿಟ್ಟರೆ ಅದು ಜೋರಾಗಿದ್ದದ್ದು ನಮ್ಮ ದೇಶದಲ್ಲೇ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದನ್ನು ಮುಚ್ಚಿತು. ಗೂಗಲ್‌ಗೆ ಆಗ ಏನಾದರೂ ಕಷ್ಟ ಬಂದಿತ್ತಾ? ಇಲ್ಲ. ಅದರ ಬೆಳೆವಣಿಗೆಗೆ ಆರ್ಕುಟ್ ಬೇಕಿರಲಿಲ್ಲ, ಅಷ್ಟೆ. ಅದರ ಬದಲು ನಂಬಿಕೊಂಡಿದ್ದ ಗೂಗಲ್ ಪ್ಲಸ್ ಅನ್ನೂ 2019ರಲ್ಲಿ ಸಾಮಾನ್ಯ ಬಳಕೆದಾರರಿಗೆ ಮುಚ್ಚಿದರು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಹೋಯಿತು, ಸರ್ಕಾರದ ಒಂದೇ ಆದೇಶದಿಂದ. ಅದೇ ವರ್ಷ ನಮ್ಮ ಬೆಂಗಳೂರಿನಲ್ಲೇ ಟ್ವಿಟರ್‌ನಂಥ 'ಕೂ' ಆಪ್ ಹುಟ್ಟಿತು. ಕನ್ನಡದಲ್ಲಿ ಬರೆಯಬಹುದು ಅಂತ ನಾವೆಲ್ಲ ಖುಷಿಪಟ್ಟೆವು. ಕೇಂದ್ರದ ಸಚಿವರು, ಇಲಾಖೆಗಳು ಅದರಲ್ಲಿ ಖಾತೆ ತೆರೆದರು. 2024ರ ಜುಲೈನಲ್ಲಿ ಅದೂ ನಿಂತಿತು, ಹಣ ಹಾಕುವವರು ಸಿಗದೆ. ಒಂದು ಬೇಡವಾಗಿ ಹೋಯಿತು, ಒಂದು ಆದೇಶದಿಂದ, ಒಂದು ದುಡ್ಡಿಲ್ಲದೆ. ಫೇಸ್‌ಬುಕ್ ಇದ್ದಲ್ಲೇ ಇದೆ, ನಿಮ್ಮ ಸಭೆಗಳ ವಿಡಿಯೊ ಮಾತ್ರ ಹೋಗಿವೆ. ಪರರ ಜಗಲಿಯಲ್ಲಿ ತಿಜೋರಿ ಇಟ್ಟರೆ ಮನೆ ಬೀಳುವುದೇ ಬೇಕಿಲ್ಲ, ಜಗಲಿ ಖಾಲಿ ಮಾಡಿ ಅಂದರೂ ಸಾಕು.

ಜೆರಾಕ್ಸ್ ಅಂಗಡಿಯವನು ಕಾಗದ ಅಂಟಿಸಿ ಅಂತ ಹೇಳದೆ ಇನ್ನೇನು ಹೇಳುತ್ತಾನೆ ಅಂತ ನೀವು ನಗಬಹುದು. ನಗಿ, ತೊಂದರೆ ಇಲ್ಲ. ಫೇಸ್‌ಬುಕ್ ಬಿಡಿ ಅಂತ ನಾನು ಹೇಳುತ್ತಿಲ್ಲ. ನನ್ನ ಅಂಗಡಿಗೂ ಪೇಜ್ ಇದೆ. ಸುದ್ದಿ ಹಬ್ಬಿಸಲು ಅದಕ್ಕಿಂತ ಸಲೀಸು ಬೇರೆ ಇಲ್ಲ. ಕಸ ಬಿದ್ದ ಫೋಟೊ ಪೇಜ್‌ಗೆ ಹಾಕಿದರೆ ಮಧ್ಯಾಹ್ನದೊಳಗೆ ಗಾಡಿ ಬಂದದ್ದೂ ಉಂಟು, ಅದಕ್ಕೆ ನಿಮಗೆ ಥ್ಯಾಂಕ್ಸ್. ಅಲ್ಲಿ ಸಾರಿ ಹೇಳಿ, ದಾಖಲೆಯನ್ನು ಮಾತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಇದು ನನ್ನೊಬ್ಬನ ಆಸೆ ಅಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್, ದಾಖಲೆಗಳನ್ನು ಪಟ್ಟಿ ಮಾಡಿ ಕ್ರಮವಾಗಿ ಇಟ್ಟುಕೊಳ್ಳಬೇಕು ಅನ್ನುತ್ತದೆ. ಜನ ಕೇಳುವ ಮೊದಲೇ ಮಾಹಿತಿಯನ್ನು ತಾನಾಗಿ ಪ್ರಕಟಿಸಬೇಕು ಅನ್ನುತ್ತದೆ. ಹೇಗೆ ಪ್ರಕಟಿಸಬೇಕು ಅನ್ನುವಲ್ಲಿ ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಘೋಷಣೆ, ಇಂಟರ್ನೆಟ್ ಎಲ್ಲವನ್ನೂ ಹೆಸರಿಸುತ್ತದೆ. ಸ್ಥಳೀಯ ಭಾಷೆ, ಆ ಜಾಗದಲ್ಲಿ ಚೆನ್ನಾಗಿ ಮುಟ್ಟುವ ವಿಧಾನ ನೋಡಿಕೊಳ್ಳಿ ಅಂತಲೂ ಹೇಳುತ್ತದೆ. ನಮ್ಮ ಗಡಿ ಕಡೆಯ ಊರುಗಳಲ್ಲಿ ಮನೆ ಮಾತು ತೆಲುಗು, ಓದುವುದು ಕನ್ನಡ, ವಯಸ್ಸಾದವರಿಗೆ ಎರಡರ ಅಕ್ಷರವೂ ಅಷ್ಟಕ್ಕಷ್ಟೇ. ಅವರಿಗೆ ಮುಟ್ಟುವುದು ಕೂಗಿ ಹೇಳಿದ್ದು. ಹಿಂದೆ ತಮಟೆ ಇತ್ತು. ಈಗ ನಿಮ್ಮ ಕಸದ ಗಾಡಿಗೇ ಸ್ಪೀಕರ್ ಇದೆ, ದಿನಾ ಬೆಳಗ್ಗೆ ಪ್ರತಿ ಬೀದಿಗೂ ಬರುತ್ತದೆ. ಒಂದೇ ಹಾಡು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿದೆ. ಹಾಡಿನ ನಡುವೆ ನಾಳೆ ನೀರಿದೆಯಾ ಇಲ್ಲವಾ, ಕಂದಾಯದ ರಿಯಾಯಿತಿ ಯಾವತ್ತಿನವರೆಗೆ ಅಂತ ಅರ್ಧ ನಿಮಿಷ ಹೇಳಿಸಿದರೆ ಪೇಜ್‌ಗಿಂತ ಜಾಸ್ತಿ ಮನೆಗೆ ಮುಟ್ಟುತ್ತದೆ. ಬೂಸ್ಟ್‌ಗೆ ದುಡ್ಡೂ ಕಟ್ಟಬೇಕಿಲ್ಲ. ನಿಮ್ಮ ನೀರುಗಂಟಿಯನ್ನೇ ಕೇಳಿ ನೋಡಿ, ಜನ ಈಗಲೂ ಪೇಜ್ ನೋಡದೆ ಅವರಿಗೇ ಫೋನ್ ಮಾಡುತ್ತಾರೆ.

ಹಾಗಾಗಿ ಎಲ್ಲಕ್ಕಿಂತ ಮೊದಲ ಬೇಡಿಕೆ: ಜನರ ಹಕ್ಕಿಗೆ ಸಂಬಂಧಿಸಿದ ಯಾವ ಗಡುವೂ ಪೇಜ್‌ನಲ್ಲಿ ಹಾಕಿದ ದಿನದಿಂದ ಎಣಿಕೆಯಾಗಬಾರದು. ಹರಾಜು, ಆಕ್ಷೇಪಣೆ, ಫಲಾನುಭವಿ ಆಯ್ಕೆ ಯಾವುದೇ ಇರಲಿ. ನೋಟಿಸ್ ಬೋರ್ಡ್‌ನಲ್ಲಿ ದಿನಾಂಕ, ಸಹಿ, ಮೊಹರು ಹಾಕಿ ಅಂಟಿಸಿದ ದಿನದಿಂದ ಎಣಿಸಿ. "ಪೇಜ್‌ನಲ್ಲಿ ಹಾಕಿದ್ದೆವು, ನೀವು ನೋಡಿಲ್ಲ" ಅಂತ ಯಾರ ಅರ್ಜಿಯನ್ನೂ ವಾಪಸ್ ಕಳಿಸಬೇಡಿ.

ಸಭೆಯ ಲೈವ್ ಮುಂದುವರಿಸಿ. ಜೊತೆಗೆ ಪೂರ್ತಿ ವಿಡಿಯೊವನ್ನು ಕಚೇರಿಯ ಹಾರ್ಡ್ ಡಿಸ್ಕ್‌ನಲ್ಲಿ ಉಳಿಸಿ, ಇನ್ನೊಂದು ಪ್ರತಿಯನ್ನು ಜಿಲ್ಲಾ ಮಟ್ಟದಲ್ಲಿ ಇಡಿ. ಕೇಳಿದವರಿಗೆ ನಕಲಿನ ಶುಲ್ಕ ತಗೊಂಡು ಕೊಡಿ. ಸರ್ಕಾರವೇ ನಿಮಗೆ ವೆಬ್‌ಸೈಟ್ ಮಾಡಿಕೊಟ್ಟಿದೆ. ಅದನ್ನು ತೆರೆದರೆ ಎಷ್ಟೋ ಕಡೆ ವರ್ಗವಾಗಿ ಹೋದ ಅಧಿಕಾರಿಗಳ ಫೋಟೊ ಇನ್ನೂ ನಗುತ್ತಿರುತ್ತದೆ. ನಡವಳಿ, ಪ್ರಕಟಣೆ, ಹರಾಜಿನ ಷರತ್ತು ಮೊದಲು ಅಲ್ಲಿಗೆ ಹೋಗಲಿ, ಫೇಸ್‌ಬುಕ್‌ನಲ್ಲಿ ಅದರ ಲಿಂಕ್ ಕೊಡಿ. ಯೂಟ್ಯೂಬ್‌ಗೆ ಹಾಕುತ್ತೇವೆ ಅಂದರೆ ಹಾಕಿ, ಆದರೆ ಅದರ ಯಜಮಾನರೂ ಬೇರೆಯವರೇ, ಆರ್ಕುಟ್ ಮುಚ್ಚಿದವರೇ.

ನಡವಳಿ ಬರೆಯುವವರಿಗೆ ಒಂದು ಮಾತು. ವಿಡಿಯೊ ಇದೆಯಲ್ಲ ಅಂತ ನಡವಳಿ ಚಿಕ್ಕದಾಗುತ್ತಾ ಬಂದಿದೆ ಅನ್ನುವುದು ನನ್ನ ಅನುಮಾನ. ಹಳೇ ನಡವಳಿಗಳ ಜೆರಾಕ್ಸ್ ತೆಗೆದಿದ್ದೇನೆ. ಯಾರು ಏನು ಕೇಳಿದರು, ಅಧ್ಯಕ್ಷರು ಏನು ಉತ್ತರ ಕೊಟ್ಟರು ಅಂತ ಗುಂಡು ಗುಂಡಾದ ಕೈಬರಹದಲ್ಲಿ ಇರುತ್ತಿತ್ತು. ಸಭೆಯಲ್ಲಿ ಕೊಟ್ಟ ಭರವಸೆ, ಕೊಟ್ಟವರ ಹೆಸರು ಸಮೇತ, ನಡವಳಿಯಲ್ಲಿ ಬರಲಿ.

ಪೇಜ್ ಮತ್ತು ಗ್ರೂಪ್ ಕಚೇರಿಯ ಇಮೇಲ್, ಕಚೇರಿಯ ನಂಬರ್ ಮೇಲೆ ಇರಲಿ. ಅಧಿಕಾರಿ ಬದಲಾದಾಗ ಬೀರುವಿನ ಕೀ, ಮೊಹರು, ಚೆಕ್ ಪುಸ್ತಕ ಬರೆದುಕೊಟ್ಟು ಚಾರ್ಜ್ ವಹಿಸುತ್ತೀರಲ್ಲ, ಆ ಪಟ್ಟಿಯಲ್ಲಿ ಪೇಜ್ ನಡೆಸುವ ಖಾತೆಯ ಪಾಸ್‌ವರ್ಡೂ ಸೇರಲಿ. ಹೊರಗುತ್ತಿಗೆ ಹುಡುಗರ ಸ್ವಂತ ಖಾತೆಯಲ್ಲಿ ಪೇಜ್ ಉಳಿದಿದ್ದರೆ ಅವರು ಹೋಗುವ ಮುಂಚೆ ಬಿಡಿಸಿಕೊಳ್ಳಿ.

ಹಳೆಯ ಪೋಸ್ಟ್‌ಗಳು, ಫೋಟೊಗಳು ಇನ್ನೂ ಅಲ್ಲಿವೆ. ಅವನ್ನೆಲ್ಲ ಒಟ್ಟಿಗೇ ಇಳಿಸಿಕೊಳ್ಳುವ ಸೌಲಭ್ಯವನ್ನು ಫೇಸ್‌ಬುಕ್ಕೇ ಕೊಟ್ಟಿದೆ. ಬೇಕಾಗುವುದು ಪೇಜ್‌ನ ಅಡ್ಮಿನ್ ಆಗಿರುವ ಒಬ್ಬರು, ಒಂದು ಒಳ್ಳೆಯ ನೆಟ್ ಕನೆಕ್ಷನ್, ಕೆಲವು ಸಾವಿರ ರೂಪಾಯಿಯ ಹಾರ್ಡ್ ಡಿಸ್ಕ್. ಇದಕ್ಕೆ ಟೆಂಡರ್ ಬೇಕಿಲ್ಲ. ಯಾವ ಕಚೇರಿಗಾದರೂ ಇದನ್ನು ಮಾಡಲು ಜನ ಇಲ್ಲ ಅಂದರೆ ನಾನು ಬಂದು ಮಾಡಿಕೊಡುತ್ತೇನೆ, ದುಡ್ಡು ಬೇಡ. ಭಾನುವಾರ ಅಂಗಡಿ ರಜ.

ಕೊನೆಗೆ ಆ ಮಳಿಗೆಗಳ ವಿಷಯ. ಆ ಸಭೆಯಲ್ಲಿದ್ದ ಸದಸ್ಯರು, ಸಿಬ್ಬಂದಿ ಇವತ್ತಿಗೂ ಊರಲ್ಲೇ ಇದ್ದಾರೆ. ಅಧ್ಯಕ್ಷರು ಏನು ಹೇಳಿದರು ಅಂತ ಅವರಿಗೆ ಗೊತ್ತು. ಅವರ ಹೇಳಿಕೆ ಬರೆಸಿಕೊಂಡು ಹೂವಿನವರ ಆಕ್ಷೇಪಣೆಯನ್ನು ತೀರ್ಮಾನ ಮಾಡಿ, ಅಲ್ಲಿಯವರೆಗೆ ಹರಾಜನ್ನು ತಡೆಹಿಡಿಯಬೇಕು ಅಂತ ಸಂಬಂಧಪಟ್ಟ ಸಂಸ್ಥೆಯನ್ನು ಕೇಳಿಕೊಳ್ಳುತ್ತೇನೆ. ಈ ಪತ್ರದ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಯ ಟಪಾಲಿಗೂ ಕೊಟ್ಟು ಸ್ವೀಕೃತಿ ತಗೊಳ್ಳುತ್ತೇನೆ. ಉತ್ತರವನ್ನು ದಯವಿಟ್ಟು ಕಾಗದದಲ್ಲಿ, ಸಹಿ ಮತ್ತು ದಿನಾಂಕದೊಂದಿಗೆ ಕಳಿಸಿ.

ವಂದನೆಗಳೊಂದಿಗೆ,

ಇಂತಿ,
ಜೆರಾಕ್ಸ್ ಅಂಗಡಿಯ ಒಬ್ಬ ಕಂದಾಯದಾರ
ಚಿಕ್ಕಬಳ್ಳಾಪುರ ಜಿಲ್ಲೆ